ನಕಲಿನ ನಕಲು ಸಲ್ಲದೆಂದ ರೆಕಾರ್ಡರ್ ಮಹಾಶಯರಿಗೆ

ಗೆ,
ಸಿ.ಡಿ. ರೆಕಾರ್ಡರ್ ಮಹಾಶಯರು,
ಟಿ.ವಿ. ಸ್ಟ್ಯಾಂಡಿನ ಕೆಳ ಅಂತಸ್ತು,
ಅಜ್ಜಿಯ ಮನೆಯ ನಡುಕೋಣೆ.

ವಿಷಯ: ದೊಡ್ಡಮ್ಮನ ಹಾಡನ್ನು ನಕಲು ಮಾಡಿಕೊಡಿ ಎಂದರೆ ತಾವು ಒಪ್ಪದೇ ಇದ್ದದ್ದು, ಆಮೇಲೆ ಯಾರೂ ಕೇಳದ್ದನ್ನೆಲ್ಲ ಮಾಡಿಕೊಟ್ಟದ್ದು.

ಮಾನ್ಯರೇ,

ಮೊಟ್ಟಮೊದಲಿಗೆ ತಮ್ಮ ಎಡ ಟ್ರೇಗೂ ಬಲ ಟ್ರೇಗೂ, ಯಾರು ಒತ್ತಿದರೂ ಒತ್ತದಿದ್ದರೂ ಒಂದೇ ಸಮ ಹೊಳೆಯುವ ಬೆಳ್ಳಿ ಬಣ್ಣದ ಗುಂಡಿಗಳಿಗೂ ನನ್ನ ಗೌರವಪೂರ್ವಕ ವಂದನೆಗಳು. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದ ನನಗೆ ಬರೆಯಲು ಬರುವುದು ರಜೆಯ ಅರ್ಜಿ ಒಂದೇ, ಅದೂ ಇಂಗ್ಲಿಷಿನಲ್ಲಿ. ಆದ್ದರಿಂದ ಈ ಪತ್ರದಲ್ಲಿ ಅಲ್ಲಲ್ಲಿ ಇಂಗ್ಲಿಷ್ ನುಗ್ಗಿಬಂದರೆ ಸಾರಿ, ಕ್ಷಮಿಸಬೇಕು. ತಾವಾದರೂ ಇದುವರೆಗೆ ನಮ್ಮ ಮನೆಯವರನ್ನು ಗದರಿಸಿದ್ದೆಲ್ಲ ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ, ಹಾಗಾಗಿ ನಮ್ಮಿಬ್ಬರಿಗೆ ಅಷ್ಟೇನೂ ತೊಂದರೆಯಾಗಲಾರದು. ಬಹಿರಂಗವಾಗಿ ಯಾಕೆ ಬರೆಯುತ್ತಿದ್ದೇನೆಂದರೆ, ಖಾಸಗಿಯಾಗಿ ಬೇಡಿಕೊಂಡು ನೋಡಿದ್ದಾಗಿದೆ, ಮಾವ ತಮ್ಮ ನೆತ್ತಿಗೆ ಮೆಲ್ಲಗೆ ತಟ್ಟಿಯೂ ನೋಡಿದ್ದಾಗಿದೆ.

ತಮಗೆ ನನ್ನ ಪರಿಚಯ ಸರಿಯಾಗಿ ಇರಲಾರದು. ನಾನು ಈ ಮನೆಯ ಮೊಮ್ಮಗಳು, ಕಾಲೇಜಿನ ಮೊದಲನೇ ವರ್ಷ, ಎಲೆಕ್ಟ್ರಾನಿಕ್ಸ್ ವಿಭಾಗ. (ಈ ಕೊನೆಯ ಮಾತನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ನಗಲು ಬೇಕಾಗುತ್ತದೆ.) ದೊಡ್ಡಮ್ಮನ ಪರಿಚಯ ತಮಗಿದೆ, ದಿನಾ ತಮ್ಮ ಮೇಲಿನ ಧೂಳು ಒರೆಸುವವಳು ಅವಳೇ. ಅವಳು ಶಾಲೆಯೊಂದರಲ್ಲಿ ಹಾಡು ಕಲಿಸುತ್ತಿದ್ದಳು. ಚಿಕ್ಕವಳಿದ್ದಾಗ ಹಾಸ್ಟೆಲಿನಲ್ಲಿ ನಾನು ಅತ್ತಾಗಲೆಲ್ಲ, ವಾರ್ಡನ್ ಮೇಡಂ ಕಣ್ಣು ಕೆಂಪಗೆ ಮಾಡಿಕೊಂಡು ಎದುರಿಗೇ ಕೂತಿದ್ದರೂ, ಆಫೀಸಿನ ಫೋನಿನಲ್ಲಿ ನನಗೆ ಒಂದು ಜೋಗುಳವನ್ನು ಪೂರ್ತಿ ಹಾಡಿಯೇ ಅವಳು ಫೋನ್ ಇಡುತ್ತಿದ್ದದ್ದು. ಗಂಟಲಿನ ಆಪರೇಷನ್ ಆದಮೇಲೆ ಅವಳ ದನಿ ಮರಳು ಕಾಗದ ಉಜ್ಜಿದಂತಾಗಿದೆ. ಮಾತು ನಡೆಯುತ್ತದೆ, ಹಾಡು ನಿಂತಿತು. ಆಮೇಲೆ ಅವಳು ಹಾಡಿದ್ದನ್ನು ಯಾರೂ ಕೇಳಿಲ್ಲ, ಹಾಡು ಎಂದು ಹೇಳುವ ಧೈರ್ಯ ಅಜ್ಜಿಗೂ ಬಂದಿಲ್ಲ.

ಉಳಿದದ್ದು ಒಂದೇ ಒಂದು ಸಿ.ಡಿ. ಈಗ ಕನ್ನಡಕದಂಗಡಿಯಾಗಿರುವ ಜಾಗದಲ್ಲಿ ಒಂದು ಕಾಲದಲ್ಲಿ ಪುಟ್ಟ ಸ್ಟುಡಿಯೋ ಇತ್ತಂತೆ, ಅಲ್ಲಿ ಹಾಡಿಸಿದ್ದಂತೆ. ಸ್ಟುಡಿಯೋದವರು ಮೂಲವನ್ನು ಅಲ್ಲೇ ಇಟ್ಟುಕೊಂಡು ನಮಗೆ ಅದರ ನಕಲು ಕೊಟ್ಟರು, ಆಮೇಲೆ ಅವರೂ ಇಲ್ಲ, ಮೂಲವೂ ಇಲ್ಲ. ಆ ಸಿ.ಡಿ.ಯ ಬೆಳ್ಳಿ ಪದರ ಅಂಚಿನಿಂದ ಎದ್ದುಬರುತ್ತಿದೆ, ಬೆಳಕಿಗೆ ಹಿಡಿದರೆ ಸೂಜಿ ಚುಚ್ಚಿದಂಥ ತೂತುಗಳು. ಯಾರಾದರೂ ಅದನ್ನು ಹಾಕಿದರೆ ದೊಡ್ಡಮ್ಮ ಒಂದು ಕ್ಷಣ ಕೇಳಿ, "ಯಾರೇ ಆ ಹುಡುಗಿ, ಪರವಾಗಿಲ್ಲ, ಹಾಡ್ತಾಳೆ" ಎಂದು ಹೇಳಿ ಒಳಗೆ ಯಾವುದೋ ಕೆಲಸ ನೆನಪಾದವಳಂತೆ ಎದ್ದು ಹೋಗಿಬಿಡುತ್ತಾಳೆ. ಕಾಲೇಜಿನ ಹಾಸ್ಟೆಲಿನಲ್ಲಿ ನನಗೆ ಇನ್ನೂ ಸರಿಯಾಗಿ ನಿದ್ದೆ ಹತ್ತುವುದಿಲ್ಲ. ಹತ್ತುವುದಿಲ್ಲ ಎಂದು ಫೋನಿನಲ್ಲಿ ಹೇಳಿದರೆ ದೊಡ್ಡಮ್ಮ ಸುಮ್ಮನಾಗುತ್ತಾಳೆ, ಆ ಸುಮ್ಮನಿರುವಿಕೆ ಕೇಳಲಾಗುವುದಿಲ್ಲ. ಅದಕ್ಕೇ, ಸಿ.ಡಿ. ಪೂರಾ ಹಾಳಾಗುವ ಮೊದಲು ಒಂದು ನಕಲು ಮಾಡಿಕೊಂಡು ಹೋಗೋಣ ಎಂದು ರಜೆಯಲ್ಲಿ ತಮ್ಮ ಬಳಿಗೆ ಬಂದೆ. ಮನೆಯಲ್ಲಿ ಕಂಪ್ಯೂಟರ್ ಇದ್ದಿದ್ದರೆ ತಮಗೆ ಈ ಶ್ರಮ ಕೊಡುತ್ತಿರಲಿಲ್ಲ.

ಎಡ ಟ್ರೇಯಲ್ಲಿ ದೊಡ್ಡಮ್ಮ, ಬಲ ಟ್ರೇಯಲ್ಲಿ ಖಾಲಿ ಡಿಸ್ಕ್. ತಾವು ಬಾಗಿಲು ಮುಚ್ಚಿ, ಒಳಗೆ ಏನನ್ನೋ ಪರಾಂಬರಿಸಿ, ಇದು ನಕಲು, ನಕಲಿನ ನಕಲು ನಿಷಿದ್ಧ ಎಂದು ಹಸಿರು ಅಕ್ಷರಗಳಲ್ಲಿ ತೀರ್ಪು ಕೊಟ್ಟಿರಿ. ನಾನು ತಪ್ಪು ಗುಂಡಿ ಒತ್ತಿದೆನೇನೋ ಎಂದು ಹೆದರಿ ಮತ್ತೆ ಒತ್ತಿದೆ. ತೀರ್ಪು ಬದಲಾಗಲಿಲ್ಲ. ಈ ನಿಯಮ ನನಗೆ ಹೊಸತೇನಲ್ಲ, ನಮ್ಮ ಹಾಸ್ಟೆಲಿನಲ್ಲೂ ಇದೆ: ವಿದ್ಯಾರ್ಥಿನಿಯನ್ನು ನೋಡಲು ಬಂದವರು ಒಳಗೆ ಬರಬಹುದು, ನೋಡಲು ಬಂದವರ ಜೊತೆ ಬಂದವರು ಗೇಟಿನ ಹೊರಗೆ. ಒಂದು ಸಲ ಅಪ್ಪ ಒಳಗೆ, ಅಮ್ಮ ಹೊರಗೆ ಆಗಿದ್ದರು. ಅಂಥ ಶಿಸ್ತನ್ನು ಮತ್ತೆ ತಮ್ಮಲ್ಲಿ ಕಂಡು ನನ್ನ ಕಣ್ಣು ತುಂಬಿಬಂದದ್ದು ನಿಜ.

ಆಕ್ಚುಲಿ, ತಮ್ಮಂಥವರು ಟಿ.ವಿ. ಸ್ಟ್ಯಾಂಡಿನ ಕೆಳಗಿರುವುದೇ ಅನ್ಯಾಯ. ತಾವು ನಮ್ಮ ಲ್ಯಾಬಿಗೆ ಬರಬೇಕಿತ್ತು. ಅಲ್ಲಿ ನಾವು ಬರೆಯುವ ಪ್ರಯೋಗದ ರೆಕಾರ್ಡು ಸೀನಿಯರ್ ಅಕ್ಕಂದಿರದ್ದರ ನಕಲು, ಅವರದ್ದು ಅವರ ಸೀನಿಯರುಗಳದ್ದರ ನಕಲು. ಹಿಂದೆ ಹಿಂದೆ ಹೋದರೆ ನಿಜವಾಗಿ ಪ್ರಯೋಗ ಮಾಡಿದ ಮಹಾತಾಯಿ ಯಾರೋ ಈಗ ಮೊಮ್ಮಕ್ಕಳನ್ನು ಆಡಿಸುತ್ತಿರಬೇಕು. ಎಲ್ಲದಕ್ಕೂ ಸಹಿ ಬೀಳುತ್ತದೆ. ಅಷ್ಟು ದೊಡ್ಡ ನಕಲು ವಂಶವೇ ರಾಜಾರೋಷವಾಗಿ ನಡೆಯುತ್ತಿರುವಾಗ ತಾವು ಹಿಡಿದದ್ದು ಒಬ್ಬ ಹಾಡಿನ ಮೇಷ್ಟ್ರಮ್ಮನನ್ನು, ಅದೂ ಅವಳದೇ ದನಿ ಅವಳದೇ ಮನೆಯಲ್ಲಿ ಇರುವಾಗ. ತಮ್ಮ ನಿಷ್ಠೆಗೆ ಏನು ಹೇಳಲಿ.

ಆಗ ಮಾವ ಬಂದರು. ತಮ್ಮನ್ನು ಮನೆಗೆ ತಂದವರು, ತಮ್ಮ ಕೈಪಿಡಿಯನ್ನು ಎಲ್ಲಿಟ್ಟಿದ್ದೀರಿ ಎಂದು ಯಾರು ಕೇಳಿದರೂ "ಭದ್ರವಾಗಿ ಇಟ್ಟಿದೀನಿ" ಎಂದಷ್ಟೇ ಹೇಳುವವರು, ಸಂಜೆ ಹೊತ್ತು ತಮಗೆ ಮೈಕ್ ಚುಚ್ಚಿ ಹಾಡಿ ಅಕ್ಕಪಕ್ಕದ ಮನೆಯ ಕಿಟಕಿಗಳನ್ನು ಮುಚ್ಚಿಸುವವರು ಅವರೇ. "ಇದಕ್ಕೆ ಮುಂಬಾಗಿಲಲ್ಲಿ ಹೋದ್ರೆ ಆಗಲ್ಲ ಪುಟ್ಟಿ, ಹಿತ್ತಿಲಿಂದ ಹೋಗ್ಬೇಕು" ಎಂದು, ಕೈಚೀಲದಲ್ಲಿ ಒಯ್ಯುವ ಪುಟ್ಟ ಸಿ.ಡಿ. ಪ್ಲೇಯರನ್ನು ಕೆಂಪು ಬಿಳಿ ವೈರಿನಿಂದ ತಮ್ಮ ಬೆನ್ನಿಗೆ ಜೋಡಿಸಿದರು. ಹಾಡು ವೈರಿನಲ್ಲಿ ಹರಿದು ಬಂದರೆ ಅದು ಎಲ್ಲಿಂದ ಬಂತು, ಯಾರ ನಕಲು ಎಂದು ತಾವು ವಿಚಾರಿಸುವುದಿಲ್ಲವಂತೆ. ಶಿಸ್ತಿನ ಎಲ್ಲ ಸಂಸ್ಥೆಗಳಿಗೂ ಒಂದು ಹಿತ್ತಿಲು ಇರುತ್ತದೆಂದು ತಿಳಿದು ಗೌರವ ಇನ್ನಷ್ಟು ಹೆಚ್ಚಿತು.

ಆದರೆ ಅಲ್ಲೂ ತಮ್ಮ ಪಾಂಡಿತ್ಯ ಅಡ್ಡ ಬಂತು. ಜೋಗುಳದ ನಡುವೆ ದೊಡ್ಡಮ್ಮ ಒಂದು ಕಡೆ ತಡೆಯುತ್ತಾಳೆ, ಮಗು ಮಲಗಿತೋ ಇಲ್ಲವೋ ಎಂದು ಬಗ್ಗಿ ನೋಡುವಷ್ಟು ಹೊತ್ತು. ಫೋನಿನಲ್ಲೂ ತಡೆಯುತ್ತಿದ್ದಳು, ನಾನು ಇನ್ನೂ ಬಿಕ್ಕುತ್ತಿದ್ದರೆ ಮುಂದುವರಿಸುತ್ತಿದ್ದಳು. ತಾವು ಆ ಮೌನವನ್ನು ಕೇಳಿ ಹಾಡು ಮುಗಿಯಿತೆಂದು ತೀರ್ಮಾನಿಸಿ ಹೊಸ ಹಾಡಿನ ಸಂಖ್ಯೆ ಹಾಕಿದಿರಿ. ಅವಳು ಮುಂದುವರಿಸಿದಳು, ಮತ್ತೆ ತಡೆದಳು, ಮತ್ತೊಂದು ಸಂಖ್ಯೆ. ಒಂದು ಜೋಗುಳ ಹೀಗೆ ತುಂಡು ತುಂಡಾಗುವುದನ್ನು ನೋಡಲಾರದೆ ನಾನು ಗಾಬರಿಯಲ್ಲಿ ನಿಲ್ಲಿಸಿದೆ, ಆ ಖಾಲಿ ಡಿಸ್ಕ್ ಹಾಳಾಯಿತು. ಆ ಚಾಳಿ ಬಿಡಿಸುವುದು ಹೇಗೆಂದು ಕೈಪಿಡಿಯಲ್ಲಿ ಬರೆದಿದೆಯಂತೆ. ಕೈಪಿಡಿ ಭದ್ರವಾಗಿದೆ.

ಮರುದಿನ ಮಧ್ಯಾಹ್ನ, ತುಂಡಾದರೂ ಆಗಲಿ ಎಂದು ಮತ್ತೆ ಕೂತೆ. ಅಜ್ಜಿ ಹಿಂದಿನ ಕಾಲದವರು, ರೇಡಿಯೋದ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಹಾಡು ಹಿಡಿದವರು. ಅವರು ಫ್ಯಾನ್ ಆರಿಸಿ, ಬಟಾಣಿ ಸುಲಿಯುವುದನ್ನು ನಿಲ್ಲಿಸಿ, ಬಂದ ಕೆಮ್ಮನ್ನೂ ಸೆರಗಿನಲ್ಲಿ ಅಡಗಿಸಿದರು. ಆಗ ಎಲೆಕ್ಟ್ರಾನಿಕ್ಸ್ ವಿಭಾಗದ ವಿದ್ಯಾರ್ಥಿನಿಯಾದ ನಾನು ಫ್ಯಾನ್ ಹಾಕಿ, ಹಾಡು ವೈರಿನಲ್ಲಿ ಹೋಗುತ್ತದೆಂದೂ ಕೋಣೆಯ ಸದ್ದಿಗೂ ತಮಗೂ ಸಂಬಂಧವೇ ಇಲ್ಲವೆಂದೂ ಎಲ್ಲರಿಗೂ ವಿವರವಾಗಿ ಹೇಳಿದೆ. ಮನೆ ಎಂದಿನ ಹಾಗೆ ನಡೆಯಿತು. ಅಂದು ತಾವು ಒಂದೇ ಒಂದು ಕಡೆಯೂ ಹಾಡನ್ನು ತುಂಡು ಮಾಡಲಿಲ್ಲ. ನಾನು ಅಷ್ಟು ವಿನಯದಿಂದ ಗುಂಡಿ ಒತ್ತಿದ್ದಕ್ಕೆ ತಮ್ಮ ಮನಸ್ಸು ಕರಗಿತೆಂದೇ ನಂಬಿದ್ದೆ. ಎಲ್ಲ ಮುಗಿದು ಹಳೆಯ ಸಿ.ಡಿ. ಹೊರತೆಗೆಯುವಾಗ ಅದರ ಬೆಳ್ಳಿ ಪದರ ನನ್ನ ಬೆರಳಿಗೇ ಅಂಟಿಬಂತು. ಮತ್ತೆ ಹಾಕಿದರೆ ಮಾವನ ಪ್ಲೇಯರ್, ಡಿಸ್ಕೇ ಇಲ್ಲ ಎಂದಿತು. ಹೋಗಲಿ, ಹೊಸತಿದೆಯಲ್ಲ ಎಂದುಕೊಂಡೆ.

ಹೊಸತನ್ನು ಹಾಕಿದೆ. ದೊಡ್ಡಮ್ಮನ ಎಳೆಯ ದನಿಯ ಹಿಂದೆ ಫ್ಯಾನ್ ತಿರುಗುತ್ತಿತ್ತು. ಬಟಾಣಿ ಒಂದೊಂದಾಗಿ ಸ್ಟೀಲ್ ಬೋಗುಣಿಗೆ ಬೀಳುತ್ತಿತ್ತು. ಮಾವ ಕನ್ನಡಕ ಹುಡುಕುತ್ತಿದ್ದರು, "ತಲೆ ಮೇಲಿದೆ ನೋಡೋ" ಎಂದು ಅಜ್ಜಿ ಹೇಳುತ್ತಿದ್ದರು. ಎಲ್ಲಕ್ಕಿಂತ ಸ್ಪಷ್ಟವಾಗಿ, ಶಾಶ್ವತವಾಗಿ, ನನ್ನ ದನಿ: "ಅಜ್ಜೀ, ಧಾರಾಳವಾಗಿ ಮಾತಾಡಿ. ಅದಕ್ಕೆ ಕಿವಿ ಇಲ್ಲ." ಹಿಂದಿನ ಸಂಜೆ ಹಾಡಿದ ಮಾವ ಮೈಕನ್ನು ತಮ್ಮ ಎದೆಗೆ ಚುಚ್ಚಿದಂತೆಯೇ ಬಿಟ್ಟಿದ್ದರು, ಅದು ತಮ್ಮ ತಲೆಯ ಮೇಲೆ ಮಲಗಿಕೊಂಡು ಕೋಣೆಯನ್ನೆಲ್ಲ ಕೇಳಿಸಿಕೊಂಡಿತ್ತು. ನಾನು ತಮ್ಮ ಮುಂದೆ ಕೂತು ಅತ್ತೇಬಿಟ್ಟೆ. ಇದ್ದ ಒಂದು ದನಿಯನ್ನು ನಾನೇ ಬಟಾಣಿಯ ಜೊತೆ ಕಲಸಿಬಿಟ್ಟಿದ್ದೆ.

ಅಳುತ್ತಿರುವಾಗಲೇ ಹಾಡು ಆ ತಡೆಯುವ ಜಾಗಕ್ಕೆ ಬಂತು. ತಾವು ಸಂಖ್ಯೆ ಹಾಕುವ ಜಾಗ. ಎಳೆಯ ದನಿ ನಿಂತಿತು, ಆದರೆ ಹಾಡು ನಿಲ್ಲಲಿಲ್ಲ. ಅಲ್ಲಿ ಇನ್ನೊಂದು ದನಿ ಇತ್ತು, ಒರಟು, ಅರ್ಧ ಉಸಿರು, ಅರ್ಧ ಗುನುಗು. ಎದ್ದುಹೋಗುವ ಬದಲು ಆ ಮಧ್ಯಾಹ್ನ ದೊಡ್ಡಮ್ಮ ತಮ್ಮ ಪಕ್ಕದಲ್ಲೇ ಕೂತು ಬಟ್ಟೆ ಮಡಚುತ್ತಿದ್ದಳು. ತಮಗೆ ಕಿವಿ ಇಲ್ಲವೆಂದು ನಾನು ಕೊಟ್ಟ ಭರವಸೆಯನ್ನು ಮನೆಯಲ್ಲಿ ಪೂರ್ತಿಯಾಗಿ ನಂಬಿದವಳು ಅವಳೊಬ್ಬಳೇ ಎಂದು ತೋರುತ್ತದೆ. ಹುಡುಗಿ ತಡೆದಲ್ಲೆಲ್ಲ ಇವಳು ಹಿಡಿದುಕೊಂಡಿದ್ದಳು, ಹುಡುಗಿ ಮತ್ತೆ ಶುರುಮಾಡಿದಾಗ ಮೆಲ್ಲಗೆ ಬಿಟ್ಟುಕೊಟ್ಟಿದ್ದಳು.

ಬಾಗಿಲಲ್ಲಿ ನಿಂತು ದೊಡ್ಡಮ್ಮನೂ ಕೇಳಿದಳು. ನಾನು ನಿಲ್ಲಿಸಲು ಹೋದರೆ ಬೇಡ ಎಂದು ಕೈ ಮಾಡಿದಳು. ಮುಗಿದ ಮೇಲೆ, "ಎರಡನೆಯವಳು ಶ್ರುತಿ ಬಿಟ್ಟಿದಾಳೆ ಕಣೇ" ಎಂದಳು. ಒಳಗೆ ಹೋಗುತ್ತ ತಿರುಗಿ, "ಆದ್ರೂ ಜೊತೆ ಬಿಟ್ಟಿಲ್ಲ" ಎಂದಳು.

ಮಾನ್ಯರೇ, ಇನ್ನು ನನ್ನ ದೂರಿನ ಮುಖ್ಯ ಭಾಗ. ಈ ಡಿಸ್ಕನ್ನು ಅಜ್ಜಿಗೆ ಬಿಟ್ಟು ನಾನೊಂದು ಒಯ್ಯೋಣವೆಂದು, ಬೈಸಿಕೊಳ್ಳಲು ಸಿದ್ಧಳಾಗಿಯೇ, ಅದನ್ನು ಎಡ ಟ್ರೇಗೂ ಉಳಿದಿದ್ದ ಕೊನೆಯ ಖಾಲಿ ಡಿಸ್ಕನ್ನು ಬಲ ಟ್ರೇಗೂ ಹಾಕಿದೆ. ತಾವು ಬಾಗಿಲು ಮುಚ್ಚಿ, ಒಳಗೆ ಪರಾಂಬರಿಸಿ, ಒಂದು ಮಾತೂ ಆಡದೆ ನಕಲು ಶುರುಮಾಡಿದಿರಿ. ಅಂದರೆ ತಮ್ಮ ಕಾನೂನಿನ ಪ್ರಕಾರ ಆ ನುಣುಪು ದನಿ ಬರಿಯ ನಕಲು, ಈ ಒರಟು ದನಿ, ಫ್ಯಾನು, ಬಟಾಣಿ, ಮಾವನ ಕನ್ನಡಕ ಎಲ್ಲ ಸೇರಿದ್ದು ಅಸಲು. ಇದನ್ನು ಮೊದಲೇ ಹೇಳಿದ್ದರೆ ನಾನು ಅಷ್ಟು ಅಳುತ್ತಿದ್ದೆನೇ? ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಏನೆಂದರೆ, ದಯವಿಟ್ಟು ಈ ತೀರ್ಪನ್ನು ಹಸಿರು ಅಕ್ಷರಗಳಲ್ಲಿ ಬರೆದು ದೊಡ್ಡಮ್ಮನಿಗೆ ತೋರಿಸಿ, ಧೂಳು ಒರೆಸುವ ಹೊತ್ತಿಗೆ ತೋರಿಸಿದರೆ ಸಾಕು. ನಾನು ಹೇಳಿದರೆ ನಂಬುವುದಿಲ್ಲ. ಸಾಧ್ಯವಾದರೆ ಹಾಸ್ಟೆಲಿನ ಗೇಟಿಗೂ ಒಂದು ಪತ್ರ ಬರೆಯಿರಿ, ನೋಡಲು ಬಂದವರ ಜೊತೆ ಬಂದವರೇ ಕೆಲವೊಮ್ಮೆ ಅಸಲು ಎಂದು.

ನಕಲು ನನ್ನ ಚೀಲದಲ್ಲಿದೆ, ಮಾವ ಆ ಪುಟ್ಟ ಪ್ಲೇಯರನ್ನೂ ಕೊಟ್ಟಿದ್ದಾರೆ. ಅಸಲನ್ನು ತಮ್ಮ ವಶದಲ್ಲಿ ಬಿಟ್ಟು ಹೊರಟಿದ್ದೇನೆ, ಜೋಪಾನ.

ತಮ್ಮ ವಿಶ್ವಾಸಿ,
ಎಲೆಕ್ಟ್ರಾನಿಕ್ಸ್ ವಿಭಾಗದ ಪುಟ್ಟಿ

ವಿ.ಸೂ.: ಹೊರಡುವ ಮೊದಲು ಮೈಕನ್ನು ತೆಗೆದಿಡು ಎಂದು ಮಾವ ಹೇಳಿದ್ದರು. ಮರೆತಂತೆ ನಟಿಸಿ ಹಾಗೇ ಬಿಟ್ಟಿದ್ದೇನೆ. ದೊಡ್ಡಮ್ಮ ಈಗಲೂ ಬಟ್ಟೆ ಮಡಚುವುದು ತಮ್ಮ ಪಕ್ಕದಲ್ಲೇ, ಬಾಯಿ ಮುಚ್ಚಿಕೊಂಡೇನೂ ಅಲ್ಲ. ತಮಗೆ ಕಿವಿ ಇಲ್ಲವೆಂದು ಅವಳಿಗೆ ನಾನು ಮತ್ತೊಮ್ಮೆ ಹೇಳಿ ಬಂದಿದ್ದೇನೆ. ಈ ಒಂದು ವಿಷಯದಲ್ಲಾದರೂ ದಯವಿಟ್ಟು ನನ್ನ ಮಾನ ಕಾಪಾಡಿ, ಯಾವ ಅಕ್ಷರವನ್ನೂ ಬೆಳಗಿಸದೆ ಸುಮ್ಮನೆ ಕೂತು ಕೇಳಿಸಿಕೊಳ್ಳಿ.