ತಮ್ಮನ ಜೊತೆ ರಾಜಿಯಾಗದೆ ನೆಮ್ಮದಿ ಮಂಜೂರು ಮಾಡುವ ಕುರಿತು

ಇಂದ,
ಆನಂದಕುಮಾರ, ಮೂಲ ಬೀದರ, ಹಾಲಿ ಹೈದರಾಬಾದ್,
ಹಿರಿಯ ಸಹಾಯಕ, ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿ.

ಗೆ,
ಶ್ರೀ ಯೇಸುಸ್ವಾಮಿಯವರ ಸನ್ನಿಧಿಗೆ
(ಮುಖಾಂತರ: ನಮ್ಮ ಕನ್ನಡ ಸಭೆಯ ಸಭಾಪಾಲಕರು).

ವಿಷಯ: ರಾಜಿಯ ಷರತ್ತನ್ನು ಸಡಿಲಿಸಿ ಅರ್ಜಿದಾರನಿಗೆ ಮನಶ್ಶಾಂತಿ ನೀಡುವ ಬಗ್ಗೆ.

ಉಲ್ಲೇಖ: 1) ದಣಿದು ಬಂದವರಿಗೆ ವಿಶ್ರಾಂತಿ ಕೊಡುವುದಾಗಿ ತಾವು ಕೊಟ್ಟಿರುವ ಮಾತು.
2) ಜಗಳವಾಡಿದವರು ಮೊದಲು ಒಂದಾಗಿ ಬರಬೇಕೆಂಬ ತಮ್ಮ ಇನ್ನೊಂದು ಮಾತು (ಇದಕ್ಕೆ ಆಕ್ಷೇಪಣೆ ಇದೆ).

ಮಾನ್ಯ ಸ್ವಾಮಿಯವರೇ,

1. ಸದರಿ ಅರ್ಜಿದಾರನು ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ಹಿಂದಿ ಮಾತಾಡಿ, ತಮ್ಮೊಂದಿಗೆ ಮಾತ್ರ ಕನ್ನಡದಲ್ಲಿ ವ್ಯವಹರಿಸುತ್ತ ಬಂದವನು. ಕಳೆದ ಹನ್ನೊಂದು ತಿಂಗಳಿಂದ ಆ ವ್ಯವಹಾರವೂ ನಿಂತಿದೆ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಸಾಕು, ಕಣ್ಣೆದುರಿಗೆ ಒಂದು ಟೆಂಪೋ ಹಾದುಹೋಗುತ್ತದೆ.

2. ಟೆಂಪೋದ ವಿವರ: ಕಳೆದ ಕ್ರಿಸ್‌ಮಸ್ಸಿಗೆ ಸಭೆಯ ಹಾಡುಗಾರರ ತಂಡ ಟೆಂಪೋ ಏರಿ ಮನೆಮನೆಗೆ ಹೋಯಿತು. ಯಾರ ಮನೆಗೆ ಹೋಗಬೇಕೆಂಬ ಪಟ್ಟಿ ಬರೆದವನು ಅರ್ಜಿದಾರನ ಒಡಹುಟ್ಟಿದ ತಮ್ಮ ಯಶವಂತ. ಅರ್ಜಿದಾರನ ಹೆಂಡತಿ ಸುಹಾಸಿನಿ ಎಂಬತ್ತು ಕರ್ಜಿಕಾಯಿ ಮಾಡಿಟ್ಟು ಬಾಗಿಲಲ್ಲಿ ನಿಂತಿದ್ದಳು. ಟೆಂಪೋ ಎದುರಿನ ಮನೆಗೆ ಬಂತು, ಪಕ್ಕದ ಮನೆಗೆ ಬಂತು, ಹೋಯಿತು. ಕರ್ಜಿಕಾಯಿಯನ್ನು ಅರ್ಜಿದಾರನೇ ಜನವರಿಯವರೆಗೆ ತಿಂದ.

3. ತದನಂತರ ಯಶವಂತ ಎರಡು ಸಲ ಮನೆಗೆ ಬಂದದ್ದು ನಿಜ. ಅರ್ಜಿದಾರನು ಬಾಗಿಲ ಜಾಳಿಗೆಯ ಹಿಂದೆಯೇ ನಿಂತು, ‘ಏನ್ ಹೇಳೋದೈತಿ, ಬರದು ಕೊಡು’ ಎಂದು ತಿಳಿಸಿದ್ದಾನೆ. ಉತ್ತರ ಬಂದಿಲ್ಲ.

4. ಪ್ರತಿ ತಿಂಗಳ ಮೊದಲ ಭಾನುವಾರ ಪ್ರಭುಭೋಜನಕ್ಕೆ ಮುಂಚೆ ಸಭಾಪಾಲಕರು, ‘ಮನಸಿನ್ಯಾಗ ಯಾರ ಮ್ಯಾಲರ ಸಿಟ್ಟಿದ್ರ ಮೊದಲ ಹೋಗಿ ಒಂದಾಗಿ ಬರ್ರಿ’ ಎನ್ನುತ್ತಾರೆ. ಆದಕಾರಣ ಅರ್ಜಿದಾರನು ಹನ್ನೊಂದು ಸಲವೂ ಹೊರಗೆ ನಿಂತು, ಯಾರೂ ಕದಿಯದ ಚಪ್ಪಲಿಗಳನ್ನು ಕಾದಿದ್ದಾನೆ. ಒಳಗಿನ ಹಾಡು ಅಲ್ಲಿಗೂ ಕೇಳಿಸುತ್ತದೆ. ಕೇಳಿಸದಿದ್ದರೆ ಚೆನ್ನಾಗಿತ್ತು.

5. ಈ ಅರ್ಜಿ ಬರೆಯುತ್ತಿರುವಾಗ ಸುಹಾಸಿನಿಯವರು ಕೆಳಕಂಡಂತೆ ಅಭಿಪ್ರಾಯಪಟ್ಟಿದ್ದಾರೆ: ‘ದೇವರಿಗೂ ಅರ್ಜಿ ಬರಿಯಾಕತ್ತೀರೇನ್ರೀ? ಕಡ್ಡಿ ಗುಡ್ಡ ಮಾಡೋದ ಬಿಟ್ಟು ತಮ್ಮನ ಕಡೆ ಹೋಗಿ ಬರ್ರಿ.’ ಸದರಿ ಅಭಿಪ್ರಾಯವನ್ನು ಪರಿಗಣಿಸಲಾಗಿಲ್ಲ.

6. ಆದರೆ ನಿಯಮದ ಪ್ರಕಾರ, ಇನ್ನೊಬ್ಬರಿಗೆ ಸಂಬಂಧಿಸಿದ ಷರತ್ತನ್ನು ಸಡಿಲಿಸಬೇಕಾದರೆ ಅವರ ನಿರಾಕ್ಷೇಪಣಾ ಪತ್ರ ಬೇಕು. ಪತ್ರವಿಲ್ಲದ ಅರ್ಜಿಗಳನ್ನು ಅರ್ಜಿದಾರನೇ ಇಪ್ಪತ್ತಾರು ವರ್ಷ ವಾಪಸು ಕಳಿಸಿದ್ದಾನೆ. ತನಗೊಂದು ನಿಯಮ, ಊರಿಗೊಂದು ನಿಯಮ ಆಗಬಾರದು. ಆದ್ದರಿಂದ ಶನಿವಾರ ಅರ್ಧ ದಿನ ರಜೆ ಹಾಕಿ, ತಾನೇ ಬರೆದಿಟ್ಟ ಪತ್ರಕ್ಕೆ ಸಹಿ ಪಡೆಯಲು, ಯಶವಂತ ಕೆಲಸ ಮಾಡುವ ಬೇಗಂ ಬಜಾರಿನ ಪಾತ್ರೆ ಅಂಗಡಿಗೆ ಹೋಗಲಿದ್ದಾನೆ.

(ಇಲ್ಲಿಂದ ಮುಂದಿನದನ್ನು ಅಂಗಡಿಯಿಂದ ಬಂದ ಮೇಲೆ ಬರೆದಿದೆ. ಶಾಯಿ ಬೇರೆಯಾಗಿರುವುದನ್ನು ಮನ್ನಿಸಬೇಕು.)

7. ಯಶವಂತ ಪತ್ರವನ್ನು ಎರಡು ಸಲ ಓದಿದ.

‘ಅಣ್ಣಾ, ನೀ ನನ್ನ ಜೋಡಿ ಮಾತಾಡದ ಇರಾಕ ನನ್ನ ಸಹಿ ಬೇಕಾ?’

‘ಬೇಕು. ಇಲ್ಲಾಂದ್ರ ಅರ್ಜಿ ಮುಂದ ಹೋಗಂಗಿಲ್ಲ.’

ಅವನು ಸಹಿ ಹಾಕಿದ. ಹಾಕಿ, ಪತ್ರವನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡು ಹೇಳಿದ: ‘ಆವತ್ತ ನನಗ ಜ್ವರ ಬಂದು ನಡುವ ಇಳದ ಹೋದ್ನಿ. ಹುಡುಗೂರು ಪಟ್ಟಿ ನೋಡಕೋತ ಹೋಗ್ಯಾರ. ಪಟ್ಟ್ಯಾಗ ನಿನ್ನ ಮನಿ ಇರಲಿಲ್ಲ, ಖರೇ ಐತಿ. ನಮ್ಮ ಮನಿ ನಾವ ಪಟ್ಟ್ಯಾಗ ಬರಕೊಂತೀವೇನಣ್ಣ?’

‘ಇದನ್ನ ಮೊದಲ ಯಾಕ ಹೇಳಲಿಲ್ಲ?’

‘ಬರದು ಕೊಡು ಅಂದಿ. ನನಗ ಪಟ್ಟಿ ಬಿಟ್ರ ಬ್ಯಾರೆ ಏನ್ ಬರಿಯಾಕ ಬರ್ತೈತಿ?’

8. ಅರ್ಜಿದಾರನಿಗೆ ಅಳು ಬಂತು. ಬಿಂದಿಗೆಗಳ ನಡುವೆ ನಿಂತು ಅತ್ತ. ಗಿರಾಕಿಗಳು, ಪಾಪ, ರೇಟು ಕೇಳಿ ಅಳುತ್ತಿದ್ದಾನೆ ಎಂದುಕೊಂಡರು. ಯಶವಂತ ಚಹಾ ತರಿಸಿದ. ಇಬ್ಬರೂ ಒಟ್ಟಿಗೆ ಕುಡಿದರು.

9. ಅದೇ ದಿನ ಸಂಜೆ ಅರ್ಜಿದಾರನು ಪ್ರಾರ್ಥನೆಗೆ ಕುಳಿತ. ಟೆಂಪೋ ಬರಲಿಲ್ಲ. ಕೇಳಿಕೊಳ್ಳಲು ಏನೂ ನೆನಪಾಗಲಿಲ್ಲ, ಸುಮ್ಮನೆ ಕುಳಿತ. ತಾವೂ ಪಕ್ಕದಲ್ಲೇ ಕುಳಿತಿದ್ದಿರಿ, ಅದು ತಿಳಿಯುತ್ತಿತ್ತು. ಎಷ್ಟು ಹಗುರವಾಗಿತ್ತೆಂದರೆ, ಸುಹಾಸಿನಿ ಊಟಕ್ಕೆ ಮೂರು ಸಲ ಕರೆಯಬೇಕಾಯಿತು. ಕೇಳುತ್ತಿದ್ದ ವಿಶ್ರಾಂತಿ ಎಂದೋ ಮಂಜೂರಾಗಿತ್ತು, ತೆಗೆದುಕೊಳ್ಳಬೇಕಾದವನೇ ಒಳಗೆ ಹೋಗಿರಲಿಲ್ಲ ಎಂದು ಅರ್ಜಿದಾರನು ಈ ಮೂಲಕ ಒಪ್ಪಿಕೊಳ್ಳುತ್ತಾನೆ.

10. ಕಾರಣ, ಮೇಲಿನ ಕೋರಿಕೆಯನ್ನು ಹಿಂಪಡೆಯಲಾಗಿದೆ. ಆದರೂ ಬರೆದ ಅರ್ಜಿಯನ್ನು ಹರಿದುಹಾಕುವ ಪದ್ಧತಿ ಅರ್ಜಿದಾರನಿಗೆ ಇಲ್ಲವಾದ್ದರಿಂದ, ಇದನ್ನು ಕಡತಕ್ಕೆ ಸೇರಿಸಿಕೊಳ್ಳಬೇಕು.

ಹನ್ನೊಂದು ತಿಂಗಳ ಗೈರುಹಾಜರಿಯ ನಂತರ ಮತ್ತೆ ತಮ್ಮ ವಿಶ್ವಾಸಿ,
ಆನಂದಕುಮಾರ

ಲಗತ್ತುಗಳು:
1) ಯಶವಂತನ ನಿರಾಕ್ಷೇಪಣಾ ಪತ್ರ (ಚಹಾ ಚೆಲ್ಲಿದೆ, ಸಹಿ ಓದಲು ಬರುತ್ತದೆ).
2) ಹೋದ ವರ್ಷದ ಮನೆಗಳ ಪಟ್ಟಿ. ಇದರಲ್ಲಿ ಯಶವಂತನ ಸ್ವಂತ ಮನೆಯೂ ಇಲ್ಲ ಎಂಬುದನ್ನು ಗಮನಿಸಬೇಕು.
3) ಸುಹಾಸಿನಿಯವರ ‘ನಾ ಮೊದಲ ಹೇಳಿದ್ನಿ’ ಎಂಬ ಹೇಳಿಕೆ (ಮೌಖಿಕ, ದಿನಕ್ಕೆ ನಾಲ್ಕು ಸಲ).

ವಿ.ಸೂ.: ಬರುವ ಮೊದಲ ಭಾನುವಾರ ಪ್ರಭುಭೋಜನಕ್ಕೆ ಅಣ್ಣತಮ್ಮಂದಿರು ಒಟ್ಟಿಗೆ ಮೊಣಕಾಲೂರಲಿದ್ದಾರೆ. ಇಬ್ಬರೂ ದಪ್ಪಗಿರುವ ಕಾರಣ ಮೂರು ಜನರ ಜಾಗ ಬಿಡಿಸಿಕೊಡಬೇಕಾಗಿ ಕೋರಿಕೆ.