ಜಯತೀರ್ಥರಾಯರ ಸ್ವಂತ ಕತೆ

ತಾಪತ್ರಯಕ್ಕೆಲ್ಲ ಕಾರಣ ಡಬ್ಬಿಯ ಮುಚ್ಚಳದೊಳಗಿದ್ದ ಇರುವೆ ಸಾಲಿನಂಥ ಅಕ್ಷರ.

ಡಬ್ಬಿ ಪುಣೆಯ ಕಂಪನಿಯೊಂದರ ‘ದುರ್ಗಯಾನ’ ಆಟದ್ದು. ಒಬ್ಬರು ಕತೆ ಹೇಳಬೇಕು. ಉಳಿದವರು ಸರದಾರ, ಕಳ್ಳ, ವೈದ್ಯ ಎಂದು ಪಾತ್ರ ಹಂಚಿಕೊಂಡು, ದಾಳ ಉರುಳಿಸಿ, ಆ ಕತೆಯೊಳಗೆ ನಡೆಯಬೇಕು. ಡಬ್ಬಿಯ ಕತೆ ಮುಗಿದ ಮೇಲೆ ಜಯತೀರ್ಥರಾಯರ ಹೆಂಡತಿ ಇಂದೂಬಾಯಿ ತಾನೇ ಒಂದು ಕಟ್ಟಿ ಓಣಿಗೆಲ್ಲ ಆಡಿಸಿದ್ದಳು. ಆಕೆ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ವರ್ಷದ ಶ್ರಾದ್ಧದ ಹೊತ್ತಿಗೆ ಆ ಕತೆಯನ್ನು ಆಕೆಯ ಹೆಸರಿನಲ್ಲಿ ಅಚ್ಚು ಹಾಕಿಸಿ ಹಂಚಲೇಬೇಕೆಂದು ರಾಯರು ನಿಶ್ಚಯಿಸಿದ್ದರು. ಕೋರ್ಟಿನ ನಕಲು ಶಾಖೆಯಲ್ಲಿ ಮೂವತ್ತಮೂರು ವರ್ಷ ಸವೆದ ಕೈ. ನೆನಪಿದ್ದುದನ್ನೆಲ್ಲ ಹನ್ನೆರಡು ಹಾಳೆಗೆ ಇಳಿಸಿ, ಡಬ್ಬಿಯ ಸಮೇತ ಬೆಳಿಗ್ಗೆಯೇ ಶಹಾಬಜಾರದ ನಬಿಸಾಬರ ಪ್ರೆಸ್ಸಿಗೆ ಒಯ್ದರು.

ನಬಿಸಾಬರು ಮುಚ್ಚಳಕ್ಕೆ ಭೂತಗನ್ನಡಿ ಹಿಡಿದರು. “ಮನ್ಯಾಗ ಆಡಾಕ ಯಾರರೆ ಕತಿ ಕಟ್ಟಬಹುದಂತ. ಛಾಪಸೂದಾದ್ರ ಕಂಪನಿ ಪಾತ್ರದ ಹೆಸರು ಇರಬಾರದು, ನಕಲು ಇರಬಾರದು, ಏಜೆಂಟನ ಸಹಿ ಬೇಕು. ನಿಮ್ಮ ಕತಿ ತುಂಬ ರಾಜಾ ಶಮಶೇರ ಅದಾನಲ್ರೀ ರಾವ್‌ಸಾಬ್! ಅಂವ ಕಂಪನಿ ಆದ್ಮಿ.”

“ಏಜೆಂಟ ಯಾರು?”

“ಕಮಲಾಪುರದ ದೇವೀಂದ್ರಪ್ಪ. ಇವತ್ತ ಐದರ ಬಸ್ಸಿಗೆ ಪುಣೆಗೆ ಹೊಂಟಾನ. ಬರೂದು ಎರಡು ತಿಂಗಳಿಗೆ.”

“ಹಂಗಾರ ಇವತ್ತ ಸಹಿ ತರ್ತೇನಿ,” ಎಂದು ರಾಯರು ಧೋತರ ಎತ್ತಿ ಕಟ್ಟಿದರು.

ಮನೆಗೆ ಬಂದು ಶಮಶೇರನನ್ನು ಹೊಡೆದುಹಾಕಲು ಕೂತರೆ, ಬೆಲ್ಲಕ್ಕೆ ನೊಣ ಬಂದಂತೆ ಪಕ್ಕದ ಮನೆಯ ಸಕ್ಕೂಬಾಯಿಯೂ ಕೋರ್ಟಿನ ಟೈಪಿಸ್ಟ್ ಪೀರಪ್ಪನೂ ಬಂದರು.

“ರಾಘವೇಂದ್ರ ಅಂತ ಇಡ್ರಿ,” ಎಂದ ಪೀರಪ್ಪ.

“ಗುರುಗಳ ಹೆಸರಿಟ್ಟು ನಾಕನೇ ಹಾಳ್ಯಾಗ ಬಾವಿಗೆ ನೂಕತೀರೇನು?” ಸಕ್ಕೂಬಾಯಿ ಕೆನ್ನೆ ಬಡಿದುಕೊಂಡಳು.

“ಹಂಗಾರ ನನ್ನ ಹೆಸರ ಇಡ್ರಿ,” ಎಂದ ಪೀರಪ್ಪ.

ಇಟ್ಟರು. ಏಳನೆಯ ಹಾಳೆಯಲ್ಲಿ ನಾಯಕ ಕರಡಿ ಕಂಡು ಓಡುತ್ತಾನೆ.

“ನಾ ಯಾಕ ಓಡ್ಲಿ ಆಚಾರ್ರ? ಎರಡು ಏಟು ಹಾಕ್ತೀನಿ, ಬರೀರಿ.”

“ಓಡಬೇಕು. ಇಂದೂ ಓಡಿಸ್ಯಾಳ!”

ಕಡೆಗೆ ನಾಯಕ ಹೆಸರಿಲ್ಲದ ಹಾದಿಹೋಕನಾದ. ತಿದ್ದಿದ ಹಾಳೆಗಳು ಕೋಳಿ ಕೆದರಿದ ತಿಪ್ಪೆಯಂತಿದ್ದವು. ರಾಯರು ಎಲ್ಲವನ್ನೂ ಹೊಸ ಹಾಳೆಗೆ ದುಂಡಗೆ ಇಳಿಸಿ ಮುಗಿಸುವಷ್ಟರಲ್ಲಿ, ಸಕ್ಕೂಬಾಯಿ ಹಳೆಯವನ್ನು ಒಲೆಗೆ ಹಾಕಿ ಚಹಾ ಕಾಸಿದ್ದಳು.

ಪೀರಪ್ಪನೂ ಜೊತೆಗೆ ಹೊರಟ. ಬಸ್ಸು ಕಪನೂರಿನಲ್ಲಿ ಪಂಚರಾಗಿ, ಕಮಲಾಪುರ ಮುಟ್ಟಿದಾಗ ಮೂರು ಗಂಟೆ. ದೇವೀಂದ್ರಪ್ಪ ಅಂಗಡಿಯಲ್ಲಿ ಟ್ರಂಕಿಗೆ ಬೀಗ ಹಾಕುತ್ತಿದ್ದ. ಓದಿದ, ಕರಡಿ ಬಂದಾಗ ತೊಡೆ ತಟ್ಟಿ ನಕ್ಕ.

“ಭೇಷ್! ಕಂಪನಿದು ಒಂದ ಅಕ್ಷರ ಇಲ್ಲ.” ಪೆನ್ನು ತೆಗೆದವ ತಡೆದ. “ಇದೇನ್ರೀ?”

ಹನ್ನೆರಡೂ ಹಾಳೆಗಳ ತಳದಲ್ಲಿ ಬರೆದಿತ್ತು: ‘ಅಸಲಿನೊಡನೆ ತಾಳೆ ನೋಡಿದೆ. ನಿಜ ಪ್ರತಿ. ಜಯತೀರ್ಥ.’

ರಾಯರ ಮುಖ ಇಳಿಯಿತು. “ಕೋರ್ಟಿನ ರೂಢಿ ರೀ. ಮೂವತ್ತಮೂರು ವರ್ಷದ್ದು.”

“ನಕಲು ಅಂತ ನೀವ ಬರದೀರಿ. ಸ್ವಂತದ್ದು ಅಂತ ನಾ ಹ್ಯಾಂಗ ಸಹಿ ಮಾಡ್ಲಿ? ಅಸಲು ತೋರಿಸ್ರಿ.”

“ಅಸಲು ಚಹಾ ಆತ್ರಿ,” ಎಂದ ಪೀರಪ್ಪ.

“ಇನ್ನೂ ಎರಡು ತಾಸು ಅದ,” ಎಂದರು ರಾಯರು. “ಖಾಲಿ ಹಾಳಿ ಕೊಡ್ರಿ, ಅಸಲು ಇಲ್ಲೇ ಬರೀತೇನಿ.”

ಅಂಗಡಿಯ ಕಟ್ಟೆಯ ಮೇಲೆ ಕೂತು, ನಕಲನ್ನು ದೇವೀಂದ್ರಪ್ಪನ ವಶಕ್ಕೇ ಕೊಟ್ಟು, ಹರಿಸ್ಮರಣೆ ಮಾಡಿ ಕಣ್ಣು ಮುಚ್ಚಿದರು. ಇಂದೂಬಾಯಿ ದಾಳ ಕುಲುಕುತ್ತ ಹೇಳುವುದು ಕೇಳಿಸಿತು, ಅದನ್ನೇ ಬರೆದರು. ಹಾಳೆಯ ತಳ ಬಂದಾಗಲೆಲ್ಲ ಪೀರಪ್ಪ, “ಆಚಾರ್ರ, ಕೈ!” ಎಂದು ಕೂಗುತ್ತಿದ್ದ, ರಾಯರು ಬಿಸಿ ತಾಗಿದಂತೆ ಪೆನ್ನು ಎತ್ತುತ್ತಿದ್ದರು. ಹನ್ನೊಂದು ಹಾಳೆ ಹೀಗೆ ಪಾರಾದವು.

ಹನ್ನೆರಡನೆಯದರಲ್ಲಿ ಹಾದಿಹೋಕ ಮನೆ ಸೇರುತ್ತಾನೆ. ಬಾಗಿಲಲ್ಲಿ ದೀಪ ಹಿಡಿದು ಹೆಂಡತಿ ನಿಂತಿರುತ್ತಾಳೆ. ಪೀರಪ್ಪ ಅದನ್ನೋದಿ, ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸುತ್ತ, ಕೂಗುವುದನ್ನೇ ಮರೆತ.

ಐದರ ಬಸ್ಸು ಹಾರ್ನ್ ಹೊಡೆಯಿತು. ದೇವೀಂದ್ರಪ್ಪ ಅವಸರದಲ್ಲಿ ಹಾಳೆಗಳನ್ನು ತಿರುವಿ, ಕೊನೆಯದನ್ನು ನೋಡಿ, ಪೆನ್ನು ಜೇಬಿಗಿಟ್ಟು, ಸಹಿ ಇಲ್ಲದೆಯೇ ಅವನ್ನು ರಾಯರ ಕೈಗೆ ಮರಳಿಸಿ ಬಸ್ಸು ಹತ್ತಿದ.

ರಾಯರು ಚಾಳೀಸು ಏರಿಸಿ ನೋಡಿದರು. ತಳದಲ್ಲಿ ಮಸಿ ಇನ್ನೂ ಹಸಿಯಾಗಿತ್ತು: ‘ಇಂದೂಬಾಯಿ ಹೇಳಿದಂತೆ. ನಿಜ ಪ್ರತಿ. ಜಯತೀರ್ಥ.’