ಭಾವನ ಗಡಿಯೂ ಹಸಿರು ಮುಚ್ಚಳದ ಭರಣಿಯೂ

ನಮ್ಮ ಭಾವನ ಮನೆಗೆ ನೀವು ಯಾವಾಗ ಬೇಕಾದರೂ ಹೋಗಬಹುದು, ಕರೆಗಂಟೆ ಒತ್ತುವ ಅಗತ್ಯವೂ ಇಲ್ಲ. ಆದರೆ ಕೈಯಲ್ಲಿ ಡಬ್ಬ ಹಿಡಿದುಕೊಂಡು ಮಾತ್ರ ಹೋಗಬೇಡಿ! ಅಮೆರಿಕದ ವಿಮಾನ ನಿಲ್ದಾಣದಲ್ಲಿ ಹಪ್ಪಳ, ಚಟ್ನಿಪುಡಿ, ಹಲಸಿನ ಬೀಜಗಳೊಡನೆ ನಗುನಗುತ್ತ ಹೊರಬಿದ್ದ ಮಹಾವೀರರು ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಯ ನಮ್ಮ ಭಾವನ ಹೊಸ್ತಿಲಲ್ಲಿ ಒಂದು ಬಟ್ಟಲು ಪಾಯಸದೊಂದಿಗೆ ಮುಕ್ಕಾಲು ಗಂಟೆ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೊಸ್ತಿಲ ಮೇಲೆ ಹಳದಿ ಪಟ್ಟಿ. ಪಟ್ಟಿಯಾಚೆ ಒಂದು ಪುಟ್ಟ ಮೇಜು. ಮೇಜಿನ ಮೇಲೆ ಎರಡು ಮೊಹರು: ಹಸಿರು ಬಿದ್ದರೆ ಡಬ್ಬ ಒಳಗೆ, ಕೆಂಪು ಬಿದ್ದರೆ ಬಂದ ದಾರಿ. ಮೇಜಿನ ಹಿಂದೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಕೈಯಲ್ಲಿ ಫಾರ್ಮು ಹಿಡಿದು, ನನ್ನ ಸ್ವಂತ ಅಕ್ಕನ ಗಂಡ!

ಮೊದಲ ಸಲ ಸಿಕ್ಕಿಬಿದ್ದವನು ನಾನೇ. ಹೆಂಡತಿ ಪತ್ರೊಡೆ ಮಾಡಿ ಕಳಿಸಿದ್ದಳು.

"ಒಳಗೆ ಎಂತ ಉಂಟು?"

"ಪತ್ರೊಡೆ, ಭಾವ."

"ಮೂಲ ದೇಶ?"

"ನಮ್ಮ ಅಡುಗೆಮನೆ. ಇಲ್ಲಿಂದ ಎರಡನೇ ಬಾಗಿಲು."

"ಕೆಸುವಿನೆಲೆ ಎಲ್ಲಿಯದ್ದು?"

"ಗ್ರೋಸರಿಯಲ್ಲಿ ತಂದದ್ದು. ಫಿಜಿ ಅಂತ ಬರೆದಿತ್ತು."

"ಅಕ್ಕಿ?"

"ಕ್ಯಾಲಿಫೋರ್ನಿಯಾದ್ದೇ."

"ಹುಳಿ?"

"ಥಾಯ್ಲೆಂಡು. ಮೆಣಸು ಬ್ಯಾಡಗಿ. ಮಾಡಿದವಳು ಪುತ್ತೂರಿನವಳು. ಭಾವ, ಕೈ ಸೋಲ್ತಾ ಉಂಟು!"

ಭಾವ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ನ್ಯಾಯಾಧೀಶರು ಮರಣದಂಡನೆ ಓದುವ ಧ್ವನಿಯಲ್ಲಿ ಕೇಳಿದರು. "ಹಾಗಾದ್ರೆ ಇದು ಯಾವ ದೇಶದ ಪತ್ರೊಡೆ ಮಾರಾಯ?"

ಒಳಗಿನಿಂದ ಅಕ್ಕ ಕೂಗಿದಳು. "ಅವನನ್ನು ಬಿಡಿ ಮಾರಾಯ್ರೆ, ಆರಿ ಹೋಗ್ತದೆ!"

ಹಸಿರು ಮೊಹರು ಬಿತ್ತು. ಪತ್ರೊಡೆಯಂತೂ ಆರಿಯೇ ಹೋಗಿತ್ತು.

ಇದನ್ನು ಹುಚ್ಚು ಎನ್ನುವ ಮೊದಲು ಹಿಂದಿನ ಕಥೆ ಕೇಳಿ. ಉಡುಪಿಯಲ್ಲಿ ಹುಟ್ಟಿದ ಭಾವ ಮೂವತ್ತು ವರ್ಷ ಇಂಗ್ಲೆಂಡಿನ ಒಂದು ಬಂದರು ಪಟ್ಟಣದಲ್ಲಿ ಉಪ್ಪಿನಕಾಯಿಯ ಕಾರ್ಖಾನೆ ಇಟ್ಟಿದ್ದರು. ಊರಿನ ಮಾವು, ಊರಿನ ಮೆಣಸು, ಇಂಗ್ಲೆಂಡಿನ ಉಪ್ಪು. ನಸುಕಿಗೆ ಲಾರಿ ಹೊರಟರೆ ಬಾಗಿಲು ತೆರೆಯುವ ಹೊತ್ತಿಗೆ ಸಮುದ್ರದಾಚೆಯ ಅಂಗಡಿಗಳಲ್ಲಿ ಭರಣಿಗಳು ಸಾಲಾಗಿ ನಿಲ್ಲುತ್ತಿದ್ದವು. ದಾರಿಯಲ್ಲಿ "ಒಳಗೆ ಎಂತ ಉಂಟು" ಎಂದು ಕೇಳುವ ನರಪಿಳ್ಳೆ ಇರಲಿಲ್ಲ. ಇಂಗ್ಲೆಂಡೂ ಸೇರಿ ಯುರೋಪಿನ ಹೆಚ್ಚಿನ ದೇಶಗಳು ಒಕ್ಕೂಟ ಕಟ್ಟಿಕೊಂಡು ವ್ಯಾಪಾರದ ಮಟ್ಟಿಗೆ ಒಂದೇ ಅಂಗಳವಾಗಿದ್ದ ಕಾಲ ಅದು.

ಲಾರಿ ಓಡಿಸುತ್ತಿದ್ದವನು ಪೋಲೆಂಡಿನವನು. ಮೊದಲ ವರ್ಷ ಆಳಾಗಿ ಬಂದವನು ಆಮೇಲೆ ಪಾಲುದಾರ. ಭಾವ ಅವನನ್ನು ಕರೆಯುತ್ತಿದ್ದುದು 'ದೋಸ್ತಿ' ಎಂದು. ಅವನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ, ಭಾವನಿಗೆ ಪೋಲಿಷು ಸೊನ್ನೆ. ಹಾಗಾಗಿ ಇಬ್ಬರೂ ತುಳುವಿನಲ್ಲಿ ಜಗಳವಾಡುತ್ತಿದ್ದರು ಎಂದು ಅಕ್ಕ ಆಣೆ ಮಾಡಿ ಹೇಳುತ್ತಾಳೆ. ದಿನಾ ಸಂಜೆ ನಾಲ್ಕಕ್ಕೆ ಲಾರಿ ಹಿಂದಿರುಗಿದರೆ ಇಬ್ಬರಿಗೂ ಚಹಾ. ದೋಸ್ತಿಯ ಲೋಟಕ್ಕೆ ಮೂರು ಚಮಚ ಸಕ್ಕರೆ. ಶುಕ್ರವಾರ ಅಕ್ಕ ಬಾಯಿಯಂಚು ಚಕ್ಕೆ ಎದ್ದಿದ್ದ, ಹಸಿರು ಮುಚ್ಚಳದ ಗಾಜಿನ ಭರಣಿಯಲ್ಲಿ ಮನೆಯ ಉಪ್ಪಿನಕಾಯಿ ತುಂಬಿಸಿ ಅವನಿಗೆ ಕೊಡುವಳು. ನಮ್ಮ ಕಡೆ ಒಬ್ಬರ ಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲವಷ್ಟೆ? ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಭಾವ ಇದನ್ನು ದೋಸ್ತಿಗೆ ಕಲಿಸಿದ್ದರು. ಅವನು ಶ್ರದ್ಧಾವಂತ ಶಿಷ್ಯ. ಸೋಮವಾರ ಭರಣಿ ತಪ್ಪದೆ ಬರುತ್ತಿತ್ತು, ಒಳಗೆ ಎರಡು ಪೆಪ್ಪರಮಿಂಟು, ಒಂದು ಹಿಡಿ ಒಣ ಅಣಬೆ, ಒಮ್ಮೆ ಒಂದು ಅಂಗಿಯ ಗುಂಡಿ!

ಆಮೇಲೆ ಇಂಗ್ಲೆಂಡು ಜನರ ವೋಟು ಕೇಳಿ ಆ ಒಕ್ಕೂಟದಿಂದ ಹೊರಬಂತು. ಹೊರಬರುವುದೇನು ಕಷ್ಟ? ಎದ್ದರೆ ಆಯಿತು. ಚಪ್ಪಲಿ ಹುಡುಕುವಾಗ ತಾನೇ ಗೊತ್ತಾಗುವುದು! ಲಾರಿಗಿಂತ ಫಾರ್ಮಿನ ಕಟ್ಟು ಭಾರವಾಯಿತು. ಬಂದರಿನಲ್ಲಿ ದಿನಗಟ್ಟಲೆ ಸಾಲು. "ಮಾವು ಭಾರತದ್ದು, ಮೆಣಸು ಭಾರತದ್ದು. ಇದು ಇಂಗ್ಲೆಂಡಿನ ಉಪ್ಪಿನಕಾಯಿ ಹೇಗಾಯಿತು? ಸುಂಕ ಕಟ್ಟಿ" ಎಂದರು ಆಚೆಯವರು. ಅಂಗಡಿಯವರು ಒಬ್ಬೊಬ್ಬರಾಗಿ ಕೈಬಿಟ್ಟರು. ಪಟ್ಟಣದ ರಾಜಕೀಯವೂ ಹುಳಿಯಿತು. ಹೊರಬರೋಣ ಎಂದವರು, ಬೇಡ ಎಂದವರು ಒಂದೇ ಕ್ಷೌರದಂಗಡಿಗೆ ಹೋಗುವುದನ್ನು ನಿಲ್ಲಿಸಿದರು. ಗೆದ್ದವರಿಗೆ ತಾವು ಗೆದ್ದದ್ದೇನೆಂದು ತಿಳಿಯಲಿಲ್ಲ, ಸೋತವರು ಅದನ್ನು ತಿಳಿಸಿಕೊಡುವುದನ್ನು ಬಿಡಲಿಲ್ಲ. ಕಾರ್ಖಾನೆ ಮುಚ್ಚಿತು. ಕೊನೆಯ ಶುಕ್ರವಾರ ದೋಸ್ತಿ ಲಾರಿಯ ಬೀಗದಕೈಯನ್ನು ಮೇಜಿನ ಮೇಲಿಟ್ಟು, ಹಸಿರು ಮುಚ್ಚಳದ ಭರಣಿಯನ್ನು ಕಂಕುಳಲ್ಲಿಟ್ಟುಕೊಂಡು ಹೋದವನು ಸೋಮವಾರ ಬರಲಿಲ್ಲ. ಆಮೇಲೆಯೂ ಬರಲಿಲ್ಲ. ಭಾವ, ಅಕ್ಕ ನಮ್ಮ ಪಕ್ಕದಲ್ಲಿರಲೆಂದು ಇಲ್ಲಿಗೆ ಬಂದರು. ಮೊಹರುಗಳೂ ಬಂದವು.

ಇಲ್ಲಿಯವರೆಗೆ ನಕ್ಕವರು ಇನ್ನು ಗ್ಯಾರೇಜಿಗೆ ಬನ್ನಿ.

ಭಾವನ ಗ್ಯಾರೇಜಿನಲ್ಲಿ ಕಾರಿಲ್ಲ. ಎದುರುಬದುರಾಗಿ ಎರಡು ಕುರ್ಚಿಗಳಿವೆ. ಗೋಡೆಯ ಗಡಿಯಾರ ಇಂದಿಗೂ ಇಂಗ್ಲೆಂಡಿನ ಸಮಯವನ್ನೇ ತೋರಿಸುತ್ತದೆ. ನಮಗೆ ಬೆಳಗಿನ ಎಂಟಾದಾಗ ಅದರಲ್ಲಿ ಸಂಜೆ ನಾಲ್ಕು. ಕೊಲ್ಲಿಯ ಕಡೆಯಿಂದ ಮಂಜು ಬಂದು ರಸ್ತೆಯನ್ನು ನುಂಗಿರುವ ಹೊತ್ತಿಗೆ ಅಕ್ಕ ಎರಡು ಲೋಟ ಚಹಾ ತಂದಿಡುತ್ತಾಳೆ. ಭಾವನಿಗೆ ಸಕ್ಕರೆ ಕಾಯಿಲೆ, ಅವರದ್ದು ಸಪ್ಪೆ. ಇನ್ನೊಂದಕ್ಕೆ ಮೂರು ಚಮಚ. ಭಾವ ಖಾಲಿ ಕುರ್ಚಿಯ ಕಡೆ ತಿರುಗಿ ತುಳುವಿನಲ್ಲಿ ಏನೋ ಹೇಳುತ್ತಾರೆ. ನಿಲ್ಲಿಸುತ್ತಾರೆ. ಉತ್ತರ ಕೇಳಿದವರಂತೆ ತಲೆಯಾಡಿಸುತ್ತಾರೆ. ಕೆಲವೊಮ್ಮೆ ನಗುತ್ತಾರೆ.

ಅರ್ಧ ಗಂಟೆಯ ಮೇಲೆ ನೋಡಿದರೆ ಎರಡೂ ಲೋಟ ಖಾಲಿ.

"ಇದರಲ್ಲಿ ಎಂತ ಭೂತ ಉಂಟು ಅಕ್ಕ? ಭಾವ ಕದ್ದು ಸಕ್ಕರೆ ಚಹಾ ಕುಡೀತಾರೆ" ಎಂದೆ ನಾನು, ವಿಜ್ಞಾನದ ಪರವಾಗಿ.

ಅಕ್ಕ ತಣ್ಣಗೆ ಹೇಳಿದಳು. "ದಿನಾ ಬೆರಳು ಚುಚ್ಚಿ ಮೀಟರು ನೋಡ್ತೇನೆ. ಸಕ್ಕರೆ ಒಂದು ಚೂರೂ ಏರಿಲ್ಲ."

ವಿಜ್ಞಾನ ಸುಮ್ಮನಾಯಿತು. ಆದರೂ ಒಂದು ದಿನ ನಾನೇ ಹೋಗಿ ಕಾವಲು ಕುಳಿತೆ. ನಾಲ್ಕು ಹೊಡೆಯಿತು. ಯಾರೂ ಗುಂಡಿ ಒತ್ತದೆ ಗ್ಯಾರೇಜಿನ ಬಾಗಿಲು ಗರಗರ ಎಂದು ಒಂದು ಮೊಳದಷ್ಟು ಮೇಲೆದ್ದು ನಿಂತಿತು. ಅಡಿಯಿಂದ ಮಂಜು ಕಾಲಿನ ಹತ್ತಿರ ಹರಿದು ಬಂತು. ಭಾವ "ಬಂದ" ಎಂದರು. ನಾನು ಬಾಗಿಲನ್ನೇ ನೋಡುತ್ತಿದ್ದೆ. ಅದು ಮತ್ತೆ ಕೆಳಗಿಳಿಯಿತು. ತಿರುಗಿದರೆ ಲೋಟ ಖಾಲಿ! ಭಾವನ ಎರಡು ಕೈಗಳೂ ಅವರದೇ ಲೋಟವನ್ನು ಬಳಸಿಕೊಂಡಿದ್ದವು.

ಪಕ್ಕದ ಮನೆಯವರ ರಿಮೋಟಿಗೆ ಈ ಬಾಗಿಲೂ ಏಳುತ್ತಿರಬೇಕೆಂದು ನಾನು ಅಕ್ಕನಿಗೆ ವಿವರಿಸಿದೆ. ವಿವರಣೆ ಚೆನ್ನಾಗಿಯೇ ಇತ್ತು. ಪಕ್ಕದ ಮನೆಯವರು ಊರಿಗೆ ಹೋಗಿ ತಿಂಗಳಾಗಿತ್ತು ಎಂಬುದಷ್ಟೇ ಅದರ ಕೊರತೆ.

ಗ್ಯಾರೇಜಿನ ಹಿಂಗೋಡೆಗೆ ಹನ್ನೊಂದು ರಟ್ಟಿನ ಪೆಟ್ಟಿಗೆಗಳಿದ್ದವು. ತಿಂಗಳಿಗೊಂದರಂತೆ ಭಾವ ದೋಸ್ತಿಯ ಪೋಲೆಂಡಿನ ವಿಳಾಸಕ್ಕೆ ಉಪ್ಪಿನಕಾಯಿ ಕಳಿಸುತ್ತಿದ್ದರು, ಫಾರ್ಮಿನ ಒಂದು ಅಂಕಣವನ್ನೂ ಬಿಡದೆ. ಒಂದೊಂದೂ ಹೋದಂತೆಯೇ ತಿರುಗಿ ಬರುತ್ತಿತ್ತು. ಮೇಲೆ ಓದಲಾಗದ ಭಾಷೆಯ ಚೀಟಿ, ಒಂದು ಚೌಕದಲ್ಲಿ ಗುರುತು.

ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು. "ಅವ ಇಲ್ಲ ಅಂತ ಕಾಣ್ತದೆ ನಂಗೆ. ಇದ್ದಿದ್ರೆ ಒಂದನ್ನಾದ್ರೂ ತೆಗೀತಿದ್ದ. ಇಲ್ಲದವನಿಗೆ ನಾನು ದಿನಾ ಚಹಾ ಇಡ್ತಾ ಇದ್ದೇನಾ ಅಂತ."



ಭಾವನಿಗೆ ಮಾತ್ರ ಸಂಶಯವಿಲ್ಲ. "ಫೋನಿನಲ್ಲಿ ಅನುವಾದ ಮಾಡಿ ನೋಡಿದೆ, ಇದು 'ನಿರಾಕರಿಸಲಾಗಿದೆ' ಅನ್ನುವ ಚೌಕ. ಪೆನ್ನು ಒತ್ತಿದ್ದು ನೋಡು, ಕಾಗದ ತೂತಾಗಿದೆ. ಸತ್ತವರಿಗೆ ಇಷ್ಟು ಸಿಟ್ಟು ಉಂಟಾ?"

ಇರಬಾರದೆಂದೇನೂ ನಿಯಮವಿಲ್ಲವಲ್ಲ ಎಂದು ನನಗೆ ಅನ್ನಿಸಿತು.

ಈ ನಡುವೆ ನಮ್ಮ ಬೀದಿಯಲ್ಲಿಯೇ ಒಂದು ಒಕ್ಕೂಟ ಒಡೆಯಿತು. ಬೀದಿಯ ಐದು ಕನ್ನಡ ಮನೆಗಳ ದೋಸೆಹಿಟ್ಟಿನ ಒಕ್ಕೂಟ. ಒಬ್ಬರು ಅಕ್ಕಿಮೂಟೆ ತರುವುದು, ಒಬ್ಬರು ಉದ್ದು, ನಾನು ಎಲ್ಲರನ್ನೂ ಲಿವರ್‌ಮೋರಿನ ದೇವಸ್ಥಾನಕ್ಕೆ ಕಾರಿನಲ್ಲಿ ಕರೆದೊಯ್ಯುವುದು, ಹುಬ್ಬಳ್ಳಿಯ ರಾಯರು ತಮ್ಮ ದೊಡ್ಡ ಗ್ರೈಂಡರಿನಲ್ಲಿ ಐವರಿಗೂ ರುಬ್ಬಿಕೊಡುವುದು. ಒಂದು ಭಾನುವಾರ ರಾಯರು ಘೋಷಿಸಿದರು. "ಗ್ರೈಂಡರ್ ನಂದು, ಕರೆಂಟ್ ನಂದು. ನಿಮ್ಮ ಹಿಟ್ಟು ನಾ ಯಾಕ ರುಬ್ಬಬೇಕ್ರಿ? ನಾ ಹೊರಗ ಹೊಂಟೆ!"

ಪರಿಣಾಮ ಘನಘೋರ. ರಾಯರಲ್ಲಿ ಗ್ರೈಂಡರಿತ್ತು, ಅಕ್ಕಿಯಿರಲಿಲ್ಲ. ನಮ್ಮಲ್ಲಿ ಅಕ್ಕಿಯಿತ್ತು, ಗ್ರೈಂಡರಿರಲಿಲ್ಲ. ಫ್ರೀವೇ ಮೇಲೆ ಕಾರು ಓಡಿಸಲು ಹೆದರುವ ರಾಯರಿಗೆ ದೇವರ ದರ್ಶನ ನಿಂತಿತು. ಐದು ಮನೆಗೆ ಮೂರು ವಾಟ್ಸಾಪ್ ಗುಂಪುಗಳಾದವು, ಎಲ್ಲದರಲ್ಲಿಯೂ ಉಳಿದವರ ಬಗ್ಗೆ ಮರುಕ. ಕೊನೆಗೆ ಭಾವನ ಗ್ಯಾರೇಜಿನಲ್ಲಿಯೇ ಒಂದು ಬೆಳಗ್ಗೆ ಸಂಧಾನ ಸಭೆ ಸೇರಿತು.

"ಭಾವನವರ, ನೀವು ಅನುಭವಸ್ಥರು" ಎಂದರು ರಾಯರು. "ಹೊರಗ ಬಂದದ್ದು ನೋಡೀರಿ. ಸ್ವಂತ ಬುದ್ಧೀಲೆ ಇದ್ದರ ಏನ್ ತಪ್ಪದ ಹೇಳ್ರಿ. ಅಂದಹಾಂಗ, ನೀವು ಆವಾಗ ಯಾವ ಕಡೆ ವೋಟ್ ಹಾಕಿದ್ರಿ?"

ಭಾವ ಕೈಯಲ್ಲಿದ್ದ ಕೆಂಪು ಮೊಹರನ್ನು ಮೆಲ್ಲಗೆ ಕೆಳಗಿಟ್ಟರು.

"ಹೊರಗೆ ಬರುವ ಕಡೆ."

ಅಕ್ಕ ಚಹಾದ ತಟ್ಟೆ ಹಿಡಿದುಕೊಂಡೇ ನಿಂತಳು.

"ಯುರೋಪಿನ ಬಾಗಿಲು ಮುಚ್ಚಿದ್ರೆ ಊರಿನ ಬಾಗಿಲು ತೆರೀತದೆ, ಮಾವು ಸಲೀಸಾಗಿ ಬರ್ತದೆ ಅಂತ ಭಾಷಣ ಮಾಡಿದ್ರು. ನಂಬಿದೆ. ಯಾರಿಗೂ ಹೇಳಲಿಲ್ಲ. ಕೊನೆಯ ಶುಕ್ರವಾರ ದೋಸ್ತಿಗೆ ಹೇಳಿದೆ. ಅವ ಎಂತ ಕೇಳಿದ ಗೊತ್ತುಂಟಾ ರಾಯರೆ? 'ನಾನು ನಿನ್ನ ಅಂಗಳದಲ್ಲಿ ಇಷ್ಟು ವರ್ಷ ಇದ್ದೆ. ಬಾಗಿಲು ಹಾಕುವಾಗ ನಾನು ಯಾವ ಬದಿಗೆ ಇರ್ತೇನೆ ಅಂತ ಆಲೋಚನೆ ಮಾಡಿದ್ಯಾ?'"

ಭಾವ ತಲೆಯೆತ್ತಲಿಲ್ಲ. "ಮಾಡಿರಲಿಲ್ಲ."

ಗೋಡೆಯ ಗಡಿಯಾರ ನಾಲ್ಕು ಹೊಡೆಯಿತು. ಗ್ಯಾರೇಜಿನ ಬಾಗಿಲು ಗರಗರ ಎಂದು ಒಂದು ಮೊಳ ಎದ್ದಿತು. ಸಭೆಯ ಕಾಲುಗಳೆಲ್ಲ ಒಟ್ಟಿಗೆ ಕುರ್ಚಿಯ ಮೇಲೇರಿದವು! ರಾಯರು "ರಾಘವೇಂದ್ರಾ" ಎಂದದ್ದಷ್ಟೇ ಕೇಳಿಸಿತು. ಸಂಧಾನ ಅಲ್ಲಿಗೆ ಮುಗಿಯಿತು. ಮುಂದಿನ ಭಾನುವಾರ ರಾಯರ ಮನೆಯಿಂದ ಗ್ರೈಂಡರಿನ ಸದ್ದು ಬಂತು, ಹಿಂದೆಯೇ ಉಳಿದ ನಾಲ್ಕು ಮನೆಗೂ ಪಾತ್ರೆ ತುಂಬ ಹಿಟ್ಟು.

ಎಲ್ಲರೂ ಹೋದ ಮೇಲೆ ಅಕ್ಕ ಲೋಟಗಳನ್ನು ಎತ್ತುತ್ತ, "ನಂಗೆ ಆವತ್ತೇ ಗೊತ್ತಿತ್ತು. ವೋಟು ಹಾಕಿ ಬಂದವರು ಊಟಕ್ಕೆ ಉಪ್ಪಿನಕಾಯಿ ಬೇಡ ಅಂದ್ರಿ" ಎಂದಳು. ಆ ತಿಂಗಳು ಹನ್ನೆರಡನೆಯ ಪೆಟ್ಟಿಗೆ ಹೋಯಿತು. ಅದರಲ್ಲಿ ಉಪ್ಪಿನಕಾಯಿಯ ಜೊತೆಗೆ ಒಂದು ಕಾಗದವೂ ಇತ್ತಂತೆ. ಅದರಲ್ಲಿ ಎರಡೇ ಸಾಲು ಎಂದಷ್ಟೇ ಅಕ್ಕನಿಗೆ ಗೊತ್ತು.

ಅದು ತಿರುಗಿ ಬರಲಿಲ್ಲ. ಒಂದು ತಿಂಗಳಾಯಿತು, ಎರಡಾಯಿತು. ಹನ್ನೊಂದು ಸಲ ತಿರುಗಿ ಬಂದದ್ದಕ್ಕಿಂತ ಈ ಬಾರದಿರುವುದೇ ನಮ್ಮನ್ನು ಹೆಚ್ಚು ಹೆದರಿಸಿತು. ನಿರಾಕರಿಸುವ ಕೈಯೂ ಈಗ ಇಲ್ಲವೇನೋ!

ಒಂದು ಮಧ್ಯಾಹ್ನ ಅಕ್ಕ ಫೋನು ಮಾಡಿ "ಬಾ" ಎಂದಳು. ಹೊಸ್ತಿಲ ಹಳದಿ ಪಟ್ಟಿಯ ಮೇಲೆ ಒಂದು ಪೆಟ್ಟಿಗೆ ಕುಳಿತಿತ್ತು. ನಮ್ಮ ಪೆಟ್ಟಿಗೆಯಲ್ಲ. ಮೇಲಿನ ಅಕ್ಷರ ಭಾವನದಲ್ಲ. ಎತ್ತಿದರೆ ಹಗುರ. ಭಾವ ಕನ್ನಡಕ ಹುಡುಕಿದರು. ಅದು ಮೂಗಿನ ಮೇಲೆಯೇ ಇತ್ತು. ನಾನೇ ಅಂಟುಪಟ್ಟಿ ಕತ್ತರಿಸಿದೆ.

ಒಳಗೆ ಹಸಿರು ಮುಚ್ಚಳದ ಭರಣಿ. ಇಂಗ್ಲೆಂಡಿನಲ್ಲಿ ಆ ಕೊನೆಯ ಶುಕ್ರವಾರ ಹೋದದ್ದೇ ಅದು. ಬಾಯಿಯ ಅಂಚಿನಲ್ಲಿ ಅದೇ ಚಕ್ಕೆ ಎದ್ದ ಗುರುತು. ಉಪ್ಪಿನಕಾಯಿಯ ವಾಸನೆಯೂ ಉಳಿಯದಂತೆ ತೊಳೆದಿತ್ತು. ತಳದಲ್ಲಿ ಒಂದಿಷ್ಟು ಸಕ್ಕರೆ.

ಜೊತೆಗೆ ಒಂದು ಫಾರ್ಮು. ದಪ್ಪ ಅಕ್ಷರದಲ್ಲಿ ತುಂಬಿತ್ತು. ಒಳಗಿರುವುದು: ಸಕ್ಕರೆ, ಮೂರು ಚಮಚ. ಕಳಿಸುವ ಕಾರಣ: ಪಾತ್ರೆ ವಾಪಸು. 'ಮೂಲ ದೇಶ' ಎಂಬಲ್ಲಿ ಏನೂ ಬರೆದಿರಲಿಲ್ಲ.

ಅಂಕಣ ಖಾಲಿ ಬಿಟ್ಟ ಫಾರ್ಮನ್ನು ಭಾವ ಜನ್ಮದಲ್ಲಿ ಒಳಗೆ ಬಿಟ್ಟವರಲ್ಲ. ಆ ಖಾಲಿ ಜಾಗವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಹಸಿರು ಮೊಹರನ್ನು ಎತ್ತಿ, ಎರಡೂ ಕೈಗಳಿಂದ ಒತ್ತಿದರು. ಬೆರಳಿನಿಂದ ಸಕ್ಕರೆ ತೆಗೆದು ಬಾಯಿಗಿಟ್ಟುಕೊಂಡರು. ಅಕ್ಕ ಆಗಲೇ ಕಿಟಕಿಯ ಕಡೆ ತಿರುಗಿ, ಇಲ್ಲದ ಧೂಳನ್ನು ಒರೆಸುತ್ತಿದ್ದಳು.

ಮರುದಿನ ಬೆಳಗ್ಗೆ ನಾನೂ ಗ್ಯಾರೇಜಿಗೆ ಹೋದೆ. ಎರಡು ಕುರ್ಚಿ, ಎರಡು ಲೋಟ. ಹೊರಗೆ ಮಂಜು. ಗಡಿಯಾರ ನಾಲ್ಕು ಹೊಡೆಯಿತು. ಬಾಗಿಲು ಏಳಲಿಲ್ಲ. ನಾವು ಕಾದೆವು. ಮೂರು ಚಮಚ ಸಕ್ಕರೆಯ ಚಹಾ ಅಂಚಿನವರೆಗೂ ತುಂಬಿಕೊಂಡು ನಿಧಾನವಾಗಿ ಕೆನೆಗಟ್ಟಿತು.

ಭಾವ ಅದನ್ನು ಮುಟ್ಟಿ ನೋಡಿದರು. ತಣ್ಣಗಾಗಿತ್ತು.

"ಇವತ್ತು ಅವ ಮನೆಯಲ್ಲೇ ಕುಡಿದಿರಬೇಕು" ಎಂದರು.